ಹಿಂದಿನ ಸಾಲಿನ ಮಾಸ್ತರರು

ಇಂದುಬಾಯಿ ಒಂದೇ ಕಡೆ ಕೂತು ಒಂದು ಊಟ ಮುಗಿಸಿದ್ದನ್ನು ಮನೆಯವರು ಕಂಡದ್ದು ಕಡಿಮೆ. ಎರಡು ತುತ್ತು ತಿಂದು ಎದ್ದು ಕಿಟಕಿಯಿಂದ ಬೀದಿ ನೋಡುವಳು, ಮತ್ತೆ ಬಂದು ರೊಟ್ಟಿ ಮುರಿಯುವಳು, ಅಷ್ಟರಲ್ಲಿ ಏನೋ ನೆನಪಾಗಿ ಕೈ ತೊಳೆದುಬಿಡುವಳು. ತಂದೆ ಗುರುಲಿಂಗಪ್ಪನವರಿಗೆ ತಾಳಿಕೋಟೆಯ ಪೇಟೆಯಲ್ಲಿ ಅರಿವೆ ಅಂಗಡಿ. ಬೆಳಗ್ಗೆ ಗಾದಿಯ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವ ಮನುಷ್ಯ. ಇಂಥವರಿಗೆ ಇಂಥ ಮಗಳು ಹೇಗೆ ಹುಟ್ಟಿದಳೋ ಎಂದು ತಾಯಿ ಕಸ್ತೂರೆವ್ವ ಬಂದವರೆದುರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಬಿಜಾಪುರದಲ್ಲಿ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ ಬಂದ ಮೇಲಾದರೂ ಮಗಳು ಒಂದು ಕಡೆ ನಿಂತಾಳು ಎಂದು ಅವರು ಆಸೆಪಟ್ಟಿದ್ದರು. ೧೯೭೬ರ ಜೂನಿನಲ್ಲಿ ಸಿಂದಗಿ ತಾಲ್ಲೂಕಿನ ಕರಿಹಳ್ಳ ಎಂಬ ಊರಿನ ಪ್ರಾಥಮಿಕ ಶಾಲೆಗೆ ಅವಳಿಗೆ ನೌಕರಿಯಾಯಿತು. ಬಸ್ಸಿನಿಂದ ಇಳಿದು ಎರೆಹೊಲಗಳ ನಡುವೆ ನಡೆದು ಸೇರಬೇಕಾದ ಊರು. ಮಳೆ ಬಿದ್ದರೆ ಕಾಲಿಗೆ ಮಣ್ಣು ಮೆತ್ತಿ ಹೆಜ್ಜೆ ಎತ್ತುವುದೇ ಕಷ್ಟ. ಆ ದಾರಿಯನ್ನೂ ಅವಳು ಓಡುನಡಿಗೆಯಲ್ಲೇ ದಾಟಿದಳು.

ಶಾಲೆಯಲ್ಲಿ ನಾಲ್ಕು ತರಗತಿ, ನಾಲ್ಕನೆಯ ಇಯತ್ತೆಯವರೆಗೆ ಮಕ್ಕಳಿದ್ದರು, ಮಾಸ್ತರರು ಇಬ್ಬರೇ. ಹೆಡ್ ಮಾಸ್ತರ ಪರಪ್ಪನವರು ಒಂದು ಎರಡನೆಯ ಇಯತ್ತೆ ನೋಡಿಕೊಳ್ಳುತ್ತಿದ್ದರು. ಮೂರು ನಾಲ್ಕು ಇಂದುಬಾಯಿಗೆ ಬಂದವು. ಪರಪ್ಪನವರು ಕೆಟ್ಟವರೇನಲ್ಲ. ಮೇಲಿನವರ ಹುಕುಂ ಪಾಲಿಸಿ ಪಾಲಿಸಿ ದಣಿದವರು. ಆಗ ತುರ್ತು ಪರಿಸ್ಥಿತಿಯ ಕಾಲ, ತಪಾಸಣೆಯ ಸಾಹೇಬರು ಯಾವ ಗಳಿಗೆಯಲ್ಲಿ ಜೀಪಿನಿಂದ ಇಳಿಯುತ್ತಾರೋ ಎಂಬ ದಿಗಿಲು ಅವರಿಗೆ ಸದಾ ಇತ್ತು. ಮೊದಲ ದಿನ ಅವರು ಹೊಸ ಅಕ್ಕೋರು ಇಂದುಬಾಯಿಯನ್ನು ನಾಲ್ಕನೆಯ ಇಯತ್ತೆಯ ಬಾಗಿಲಲ್ಲಿ ನಿಲ್ಲಿಸಿ ಮಕ್ಕಳನ್ನು ತೋರಿಸಿದರು. ಮುಂದೆ ಕೂತವರು ಒಳ್ಳೆಯ ಮನೆಯ ಮಕ್ಕಳು, ಪಾಟಿ ಒರೆಸಿ ತಯಾರಾಗಿದ್ದರು. ಗೋಡೆಗೆ ಬೆನ್ನು ಕೊಟ್ಟು ಗೋಣಿತಟ್ಟಿನ ಮೇಲೆ ಇನ್ನು ಕೆಲವರು ಕೂತಿದ್ದರು, ಅವರು ಉಳಿದವರಿಗಿಂತ ಎತ್ತರ, ವಯಸ್ಸಿನಲ್ಲೂ ದೊಡ್ಡವರು.

"ಆ ಹಿಂದಿನ ಸಾಲ ಬಿಟ್ಟುಬಿಡ್ರಿ ಬಾಯಾರ. ಹಾಜರಿಗೆ ಬರ್ತಾವ, ಕಲಿಯಾಕಲ್ಲ" ಎಂದರು ಪರಪ್ಪ ಮಾಸ್ತರರು. ಮಕ್ಕಳಿಗೆ ಕೇಳಿಸುವಂತೆಯೇ ಅಂದರು. ಹಿಂದಿನ ಸಾಲಿನ ಯಾರೂ ತಲೆ ಎತ್ತಲಿಲ್ಲ.

ಆ ಸಾಲಿನಲ್ಲಿ ಮೂವರು ಇಂದುಬಾಯಿಯ ಕಣ್ಣಿಗೆ ಮೊದಲು ಬಿದ್ದರು. ಒಬ್ಬ ಸಿದ್ದರಾಯ, ಮೀಸೆಯ ನೆರಳು ಮೂಡುತ್ತಿದ್ದ ಉದ್ದನೆಯ ಹುಡುಗ. ಇನ್ನೊಬ್ಬ ಪಾತ್ರೆಗೆ ಕಲಾಯಿ ಹಾಕುವ ಖಾಜಾಸಾಬನ ಮಗ ಜೈನುದ್ದೀನ, ಹೆಸರು ಕೇಳಿದರೂ ತೊದಲಿ ತೊದಲಿ ಬೆವರುತ್ತಿದ್ದ. ಮೂರನೆಯವಳು ಸುಂದರವ್ವ, ಕುರಿ ಸಾಕುವ ಮನೆಯ ಹುಡುಗಿ. ನಾಲ್ಕನೆಯ ಇಯತ್ತೆಯಲ್ಲಿ ಪದೇ ಪದೇ ನಪಾಸಾಗಿ ಅಲ್ಲೇ ಉಳಿದವಳು. ಅವಳ ಬಾಯಿಂದ ಒಂದು ಮಾತು ಹೊರಡಿಸಲು ಹೊಸ ಅಕ್ಕೋರಿಗೆ ವಾರಗಟ್ಟಲೆ ಹಿಡಿಯಿತು.

ಬಿಡಿರಿ ಎಂದದ್ದನ್ನು ಬಿಡುವುದು ಇಂದುಬಾಯಿಯ ಸ್ವಭಾವವಲ್ಲ. ಟ್ರೇನಿಂಗಿನಲ್ಲಿ ಕಲಿತದ್ದೆಲ್ಲ ಒಂದೊಂದಾಗಿ ಪ್ರಯೋಗಿಸಿದಳು. ಚಿತ್ರ ಬರೆದಳು, ಹಾಡು ಹೇಳಿಸಿದಳು, ಹಿಂದಿನ ಸಾಲನ್ನು ಎತ್ತಿ ಮುಂದೆ ಕೂಡಿಸಿದಳು. ಎರಡೇ ದಿನಕ್ಕೆ ಅವರು ತಾವಾಗಿಯೇ ಜಾರಿ ಜಾರಿ ಗೋಡೆ ಸೇರಿದರು. ಒಂದು ದಿನ ಮಗ್ಗಿ ಕೇಳುವಾಗ ಸಿದ್ದರಾಯ ಸುಮ್ಮನೆ ನಿಂತ. ಕೇಳಿದಳು, ಗದರಿಸಿದಳು, ಕೊನೆಗೆ ಸಿಟ್ಟು ತಡೆಯಲಾರದೆ ಬೆತ್ತದಿಂದ ಅಂಗೈಗೆ ಒಂದು ಕೊಟ್ಟಳು. ಸಿದ್ದರಾಯ ಆ ಕೈ ಇಳಿಸಿ, ಯಾರೂ ಹೇಳದೆಯೇ ಇನ್ನೊಂದು ಕೈ ಚಾಚಿದ. ಅವನ ಮುಖದಲ್ಲಿ ನೋವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಈ ಕೆಲಸ ಬೇಗ ಮುಗಿಯಲಿ ಎಂಬಂತೆ ಅಕ್ಕೋರನ್ನು ನೋಡುತ್ತಿದ್ದ. ಇಂದುಬಾಯಿ ಬೆತ್ತವನ್ನು ಮೇಜಿನ ಮೇಲೆ ಇಟ್ಟು ಹೊರಗೆ ಹೋದಳು. ಬೇವಿನ ಗಿಡದ ಸುತ್ತ ತಿರುಗಿ ತಿರುಗಿ ಒಳಗೆ ಬಂದಾಗ ಮಕ್ಕಳೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಸಿದ್ದರಾಯ ಮಾತ್ರ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ. ಅವನಿಗೆ ಕೂಡು ಎಂದು ಹೇಳುವುದನ್ನು ಅವಳು ಮರೆತಿದ್ದಳು.

ಅಂದಿನಿಂದ ಬೆತ್ತ ಮುಟ್ಟಲಿಲ್ಲ. ಈ ಮಕ್ಕಳಿಗೆ ಸೋಲು ರೂಢಿಯಾಗಿಬಿಟ್ಟಿದೆ, ಒಮ್ಮೆಯಾದರೂ ಗೆಲುವಿನ ರುಚಿ ಹತ್ತಿಸಬೇಕು ಎಂದುಕೊಂಡಳು. ಮರುದಿನ ಹಲಗೆಯ ಮೇಲಿನ ಸಾಲು ನೋಡಿ ಬರೆಸಿ ಹಿಂದಿನ ಸಾಲಿನ ಎಲ್ಲರ ಪಾಟಿಯ ಮೇಲೆ, ತಪ್ಪು ಲೆಕ್ಕಿಸದೆ, 'ಭೇಷ್' ಎಂದು ಬಾಯಲ್ಲೂ ಹೇಳಿ ದೊಡ್ಡದಾಗಿ ಬರೆದಳು. ಜೈನುದ್ದೀನ ಆಚೀಚೆ ನೋಡಿದ. ಸಿದ್ದರಾಯ ಪಾಟಿ ಮಗುಚಿ ಇಟ್ಟ. ಸುಂದರವ್ವ ತನ್ನ ಪಾಟಿಯನ್ನು ಬಹಳ ಹೊತ್ತು ನೋಡಿ, ಬೆರಳಿಗೆ ಉಗುಳು ಹಚ್ಚಿ ಆ ಅಕ್ಷರಗಳನ್ನು ಒರೆಸಿದಳು.

ಯಾಕೆ ಒರೆಸಿದೆ ಎಂದು ಇಂದುಬಾಯಿ ಕೇಳಿದಳು. ಎರಡನೆಯ ಸಲ ಕೇಳಿದಾಗ ನೆಲ ನೋಡುತ್ತ, "ಸುಳ್ಳ ಐತ್ರಿ ಅಕ್ಕೋರ" ಎಂದಳು.

ಅವಳ ಬಾಯಿಂದ ಇಂದುಬಾಯಿ ಕೇಳಿದ ಮೊದಲ ಮಾತು ಅದು.

ಆ ಸಂಜೆ ಇಂದುಬಾಯಿ ತಾನು ಬಾಡಿಗೆಗಿದ್ದ ಹೊನ್ನವ್ವನ ಮನೆಯ ಪಡಸಾಲೆಯಲ್ಲಿ ಬಾಗಿಲಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ನಡೆದೇ ನಡೆದಳು. ಹೊನ್ನವ್ವ ವಯಸ್ಸಾದ ಹೆಂಗಸು, ಮಾತು ಕಡಿಮೆ. ಕೊನೆಗೆ ತಡೆಯದೆ, "ನೆಲಾ ಸವಿತೈತಿ, ಕುಂದ್ರ ತಂಗಿ" ಎಂದಳು. ಇಂದುಬಾಯಿ ಕೂತಳು, ತುಸು ಹೊತ್ತಿನಲ್ಲೇ ಮತ್ತೆ ಎದ್ದಳು. ಹುಡುಗಿ ಹೇಳಿದ್ದು ಖರೆ. ಸುಳ್ಳು ಶಾಬಾಸ್ಕಿಯನ್ನು ಯಾವ ಮಗುವೂ ನಂಬುವುದಿಲ್ಲ. ಗೆಲುವು ನಿಜವಾದದ್ದಿರಬೇಕು, ಆದರೆ ನಿಜವಾಗಿ ಗೆಲ್ಲುವಂಥದ್ದು ಈ ಮಕ್ಕಳ ಹತ್ತಿರ ಏನಿದೆ ಎಂಬುದೇ ಅವಳಿಗೆ ತಿಳಿಯದು.

ಒಂದು ಉಪಾಯ ಹೊಳೆಯಿತು. ಮರುದಿನ ನೀರಿನ ಗಡಿಗೆಯ ಹತ್ತಿರ ಸುಂದರವ್ವ ಒಬ್ಬಳೇ ಸಿಕ್ಕಾಗ, ನಾಳೆ ನವಿಲಿನ ಪಾಠದ ಮೊದಲ ನಾಲ್ಕು ಸಾಲು ನಿನಗೇ ಓದಿಸುತ್ತೇನೆ, ಬೇರೆ ಯಾರಿಗೂ ಹೇಳಿಲ್ಲ, ತಯಾರಾಗಿ ಬಾ ಎಂದಳು. ಮರುದಿನ ಸುಂದರವ್ವ ಶಾಲೆಗೇ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹುಡುಗಿಯನ್ನು ನಾನೇ ಓಡಿಸಿದೆನೇನೋ ಎಂದು ಇಂದುಬಾಯಿಗೆ ಅನಿಸಿತು. ಪಾಠ ಹೇಳುತ್ತ ಬಾಗಿಲ ಕಡೆ ನೋಡುವಳು, ಲೆಕ್ಕ ಹಾಕಿಕೊಟ್ಟು ಉತ್ತರ ತಾನೇ ತಪ್ಪುವಳು. ವಾರ ಮುಗಿಯುತ್ತಿರುವಾಗ ಸುಂದರವ್ವ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಅಕ್ಕೋರು ಹೆಸರು ಕರೆದದ್ದೇ ಎದ್ದು ನಿಂತು, ಪುಸ್ತಕ ಹಿಡಿದು, ನವಿಲಿನ ಪಾಠದ ನಾಲ್ಕೂ ಸಾಲುಗಳನ್ನು ಒಂದೇ ಉಸಿರಿಗೆ ತಪ್ಪಿಲ್ಲದೆ ಹೇಳಿದಳು.

ಮುಂದಿನ ಸಾಲಿನ ಮಕ್ಕಳು ತಿರುಗಿ ನೋಡಿದರು. ಇಂದುಬಾಯಿಗೆ ಕುಣಿಯಬೇಕೆನಿಸಿತು. ಅಷ್ಟರಲ್ಲಿ ಹುಡುಗಿಯ ಬೆರಳಿನ ಮೇಲೆ ಅವಳ ಕಣ್ಣು ಬಿತ್ತು. ಬೆರಳು ಪುಟದ ಕೆಳಭಾಗದಲ್ಲಿ, ಬೇರೆಯೇ ಸಾಲಿನ ಮೇಲೆ ಇತ್ತು. ಯಾರ ಕೈಯಲ್ಲೋ ಓದಿಸಿ, ಕೇಳಿ ಕೇಳಿ ಬಾಯಿಪಾಠ ಮಾಡಿ ಬಂದಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಇಷ್ಟು ವರ್ಷ ಶಾಲೆಯಲ್ಲಿ ಕೂತರೂ ಅಕ್ಷರ ಬಂದಿರಲಿಲ್ಲ, ಅದು ಯಾರಿಗೂ ಗೊತ್ತಾಗಿರಲೂ ಇಲ್ಲ.

ಇಂದುಬಾಯಿ ಅವಳನ್ನು ಕೂಡಿಸಿದಳು. ಸುಂದರವ್ವ ಕೂಡುವಾಗ ತನ್ನ ಬೆರಳನ್ನೂ ಅಕ್ಕೋರ ಕಣ್ಣನ್ನೂ ನೋಡಿದಳು. ಇಬ್ಬರಿಗೂ ಗೊತ್ತಾಗಿತ್ತು.

ಮುಂದಿನ ದಿನಗಳಲ್ಲಿ ಒಬ್ಬೊಬ್ಬರನ್ನೇ ಹತ್ತಿರ ಕೂಡಿಸಿಕೊಂಡು ನೋಡಿದರೆ ಹಿಂದಿನ ಸಾಲಿನ ಹೆಚ್ಚುಕಡಿಮೆ ಎಲ್ಲರದೂ ಇದೇ ಕಥೆ. ಅ ಆ ಇಂದ ಶುರು ಮಾಡಬೇಕು. ಆದರೆ ಒಂದನೆಯ ಇಯತ್ತೆಯ ಪುಸ್ತಕ ಕೈಗೆ ಕೊಟ್ಟರೆ ಆ ದೊಡ್ಡ ಮಕ್ಕಳು ಅದನ್ನು ಗೋಣಿತಟ್ಟಿನ ಕೆಳಗೆ ಮುಚ್ಚಿಡುತ್ತಿದ್ದರು. ಮುಂದಿನವರು ಒಮ್ಮೆ ನೋಡಿ ನಕ್ಕರು. ಮರುದಿನ ಸಿದ್ದರಾಯನೂ ಇಲ್ಲ, ಜೈನುದ್ದೀನನೂ ಇಲ್ಲ. ಇಂದುಬಾಯಿ ಖಾಜಾಸಾಬನ ಮನೆಗೆ ಹೋಗಿ, ಅಲ್ಲಿಂದ ಸಿದ್ದರಾಯನ ಹೊಲಕ್ಕೆ ಹೋಗಿ ಇಬ್ಬರನ್ನೂ ಕರೆತಂದಳು. ಬಂದರು, ಪುಸ್ತಕ ಮುಟ್ಟಲಿಲ್ಲ. ಶ್ರಾವಣ ಕಳೆಯಿತು, ಗಣಪತಿ ಹಬ್ಬ ಬಂದು ಹೋಯಿತು. ಊರಿನ ಕಡೆ ಬದಲಿ ಮಾಡಿಸಿಕೊಳ್ಳೋಣವೇ ಎಂದು ಒಂದು ದಿನ ಅನಿಸುವುದು, ಬಿಟ್ಟು ಹೋದರೆ ತಲೆ ಎತ್ತಿ ನಡೆಯುವುದು ಹೇಗೆ ಎಂದು ಮತ್ತೊಂದು ದಿನ.

ದಾರಿ ಸಿಕ್ಕಿದ್ದು ಅವಳು ಹುಡುಕದೆ ಇದ್ದಾಗ. ಮಧ್ಯಾಹ್ನದ ಹೊತ್ತು ಪರಪ್ಪ ಮಾಸ್ತರರು ಕಚೇರಿಯ ಕಾಗದಪತ್ರ ಹಿಡಿದು ಕೂತರೆ ಒಂದನೆಯ ಇಯತ್ತೆಯ ಮಕ್ಕಳು ದನ ನುಗ್ಗಿದ ಹೊಲದಂತಾಗುತ್ತಿದ್ದರು. ಒಂದು ದಿನ ಅಲ್ಲಿ ಒಬ್ಬ ಹುಡುಗ ಬಿದ್ದು ಹಲ್ಲು ಮುರಿದುಕೊಂಡ. ಗದ್ದಲ ಕೇಳಿ ಇಂದುಬಾಯಿ, ಅವುಗಳನ್ನು ತುಸು ಹಿಡಿದು ಕೂಡಿಸಿಕೊ ಎಂದು ಸಿದ್ದರಾಯನನ್ನು ಕಳಿಸಿದಳು. ಗದ್ದಲ ನಿಂತಿತು. ಸ್ವಲ್ಪ ಹೊತ್ತಿಗೆ ಸಿದ್ದರಾಯ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಅಕ್ಕೋರ, ಣ ಹೆಂಗ ಬರೀತಾರ್ರಿ? ಒಂದ್ ಸಣ್ಣ ಹುಡುಗ ಕೇಳಾಕತ್ತಾನ."

ಹಿಂದಿನ ಸಾಲಿನ ಹುಡುಗನೊಬ್ಬ ತಾನಾಗಿ ಕೇಳಿದ ಮೊದಲ ಪ್ರಶ್ನೆ. ಇಂದುಬಾಯಿ ಹಲಗೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಿದಳು. ಸಿದ್ದರಾಯ ಅದನ್ನು ಅಂಗೈಯಲ್ಲಿ ಬೆರಳಿನಿಂದ ತಿದ್ದುತ್ತ, ಮರೆತುಹೋದೀತೆಂಬ ಹೆದರಿಕೆಯಿಂದ ಓಡಿಹೋದ. ಬಾಗಿಲಿಗೆ ಬಂದು ಅವಳು ನೋಡಿದರೆ ಆ ಉದ್ದನೆಯ ಹುಡುಗ ಮೊಣಕಾಲೂರಿ ಕೂತು, ಒಂದು ಪುಟ್ಟ ಕೈ ಹಿಡಿದು ಪಾಟಿಯ ಮೇಲೆ ಣ ತಿದ್ದಿಸುತ್ತಿದ್ದ. ಅವನು ತಿದ್ದಿಸುತ್ತಿದ್ದದ್ದು ಸರಿಯಾಗಿತ್ತು.

ಅವತ್ತು ಸಂಜೆಯೇ ಇಂದುಬಾಯಿ ಪರಪ್ಪ ಮಾಸ್ತರರ ಮುಂದೆ ನಿಂತು ಕೇಳಿದಳು. ಮಧ್ಯಾಹ್ನ ಒಂದನೆಯ ಇಯತ್ತೆಯನ್ನು ಹಿಂದಿನ ಸಾಲಿಗೆ ವಹಿಸಿಕೊಡಿ, ನಾನು ನೋಡಿಕೊಳ್ಳುತ್ತೇನೆ. ಪರಪ್ಪನವರು ಕೈಯಲ್ಲಿದ್ದ ಕಾಗದ ಕೆಳಗಿಟ್ಟು, ಅಕ್ಷರ ಬಾರದವರು ಅಕ್ಷರ ಕಲಿಸುವುದೆಂದರೆ ಏನು ಎಂದರು. ಬೆಳಗ್ಗೆ ನಾನು ಕಲಿಸುತ್ತೇನೆ, ಮಧ್ಯಾಹ್ನ ಅವರು ಕಲಿಸಲಿ ಎಂದಳು ಇಂದುಬಾಯಿ. ಮಧ್ಯಾಹ್ನ ತಮಗೂ ಗದ್ದಲವಿಲ್ಲದೆ ಕೆಲಸ ಸಾಗುತ್ತದೆ ಎಂದಾಗ ಅವರು, ಸಾಹೇಬರು ಬಂದರೆ ನೀವೇ ಉತ್ತರ ಕೊಡಬೇಕು ಎಂದು ಒಪ್ಪಿದರು.

ಆಗ ಬದಲಾದದ್ದು ಒಂದೇ ವಿಷಯ, ಆದರೆ ಅದರಿಂದ ಎಲ್ಲ ಬದಲಾಯಿತು. ಒಂದನೆಯ ಇಯತ್ತೆಯ ಪುಸ್ತಕ ಈಗ ಅವಮಾನದ್ದಾಗಿರಲಿಲ್ಲ, ಅದು ಮಾಸ್ತರರ ಪುಸ್ತಕವಾಗಿತ್ತು. ಗಂಟೆ ಬಾರಿಸುವ ಮೊದಲೇ ಹಿಂದಿನ ಸಾಲು ಬಂದು ಬೇವಿನ ಗಿಡದ ಕೆಳಗೆ ಕೂಡುತ್ತಿತ್ತು. ಅಂದು ಮಧ್ಯಾಹ್ನ ಕಲಿಸಬೇಕಾದಷ್ಟನ್ನೇ ಇಂದುಬಾಯಿ ಹೇಳಿಕೊಡುವಳು, ಹೆಚ್ಚಿಲ್ಲ. ಅವರು ಅದನ್ನು ಬರೆದು ಅಳಿಸಿ ಮತ್ತೆ ಬರೆಯುವರು. ಸಣ್ಣವರ ಎದುರಿಗೆ ತಪ್ಪಬಾರದೆಂಬ ಹೆದರಿಕೆ ಬೆತ್ತಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಜೈನುದ್ದೀನ ತಾಳ ಹಾಕಿ ಕಾಗುಣಿತ ಹಾಡಿಸುತ್ತಿದ್ದ, ಹಾಡುವಾಗ ಅವನಿಗೆ ತೊದಲು ಬರುತ್ತಿರಲಿಲ್ಲ. ಇದನ್ನು ಅವನೇ ಮೊದಲು ಗಮನಿಸಿದ್ದು. ಆಮೇಲೆ ಮಾತಾಡುವಾಗಲೂ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದ.

ಹಾಗೆಂದು ಎಲ್ಲ ಹೂವೆತ್ತಿದಷ್ಟು ಸಲೀಸಾಗಿರಲಿಲ್ಲ. ಹಿಂದಿನ ಸಾಲಿನ ಒಬ್ಬ ಸಣ್ಣವರಿಗೆ ಹೊಡೆದ, ತನಗೆ ಬಿದ್ದ ಹಾಗೆಯೇ. ಇನ್ನೊಬ್ಬಳು ತಿಂಗಳಾದರೂ ಮ ಮತ್ತು ವ ಬೇರೆ ಮಾಡಲಾರದೆ ಅತ್ತಳು. ಇಂದುಬಾಯಿಗೆ ಎಲ್ಲವೂ ನಾಳೆಗೇ ಆಗಬೇಕು, ಆಗದಿದ್ದರೆ ಕೈಕಾಲು ಆಡದು. ಮಕ್ಕಳು ಅವಳ ಅವಸರಕ್ಕೆ ಸಿಕ್ಕಿ ಮತ್ತೆ ಮರೆಯುವರು. ಕಡೆಗೆ ಅವಳು ಒಂದು ನಿಯಮ ಮಾಡಿಕೊಂಡಳು: ಮಗು ಉತ್ತರ ಹುಡುಕುವಾಗ ತಾನು ಬಾಯಿ ತೆರೆಯಬಾರದು. ಆ ಹೊತ್ತು ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಗಿಯುತ್ತಿದ್ದಳು, ಬೆರಳು ಕೆಂಪಾಗುವವರೆಗೆ.

ದೀಪಾವಳಿಗೆ ಮುಂಚಿನ ಒಂದು ಮಧ್ಯಾಹ್ನ ಸುಂದರವ್ವ ಮೂರನೆಯ ಇಯತ್ತೆಯ ಪಾಠ ನಡೆದಿದ್ದಾಗಲೇ ಒಳಗೆ ನುಗ್ಗಿದಳು. ಅವಳು ಹೇಳಿಕೊಡುತ್ತಿದ್ದ ರೇವಣಪ್ಪ ಎಂಬ ಪುಟ್ಟ ಹುಡುಗ ತನ್ನ ಹೆಸರನ್ನು ಒತ್ತು ಸಮೇತ ತಾನೇ ಬರೆದಿದ್ದ. ಅವನ ಪಾಟಿಯನ್ನು ಅಕ್ಕೋರ ಮುಂದೆ ಹಿಡಿದಳು.

"ಅಂವಗ ಬಂತ್ರಿ ಅಕ್ಕೋರ" ಎಂದಳು. "ಖರೇನ ಬಂತ್ರಿ. ನಾ ಕೈ ಹಿಡಿದಿಲ್ಲ."

ಇಂದುಬಾಯಿ ಬಳಪ ಹಿಡಿದಳು. ಈ ಸಲ ಬರೆದ ಭೇಷನ್ನು ಸುಂದರವ್ವ ಒರೆಸಲಿಲ್ಲ, ರೇವಣಪ್ಪನಿಗೂ ಒರೆಸಗೊಡಲಿಲ್ಲ. ಆ ಪಾಟಿ ಹಾಗೆಯೇ ಮನೆಗೆ ಹೋಯಿತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ರೇವಣಪ್ಪ ಶಂಕರೆಪ್ಪ ಸಾಹುಕಾರರ ಮೊಮ್ಮಗ. ಊರಿನ ದೊಡ್ಡ ಹೊಲಗಳು ಅವರವೇ, ಶಾಲೆಯ ಜಾಗವೂ ಅವರ ತಂದೆ ಕೊಟ್ಟದ್ದು. ಪಾಟಿ ನೋಡಿ ಅವರು ಖುಷಿಪಟ್ಟಿದ್ದರು. ಯಾರು ಕಲಿಸಿದರು ಎಂದು ಕೇಳಿದ್ದಕ್ಕೆ ಹುಡುಗ ಕುರಿಯವರ ಸುಂದರವ್ವ ಎಂದ. ಮರುದಿನ ಬೆಳಗ್ಗೆ ಸಾಹುಕಾರರು ಶಾಲೆಯ ಕಟ್ಟೆಯ ಮೇಲಿದ್ದರು. ನಪಾಸಾದ ಹುಡುಗಿ, ಅದರಲ್ಲೂ ಕುರಿ ಕಾಯುವವಳು ನನ್ನ ಮೊಮ್ಮಗನಿಗೆ ಪಾಠ ಹೇಳುವುದಾದರೆ ಸರಕಾರ ನಿಮಗೆ ಪಗಾರ ಯಾತಕ್ಕೆ ಕೊಡುತ್ತದೆ ಎಂದು ಪರಪ್ಪ ಮಾಸ್ತರರನ್ನು ನಿಲ್ಲಿಸಿ ಕೇಳಿದರು. ಸಿಂದಗಿಗೆ ಹೋಗಿ ಸಾಹೇಬರಿಗೆ ಹೇಳುವುದಾಗಿಯೂ ಅಂದರು. ಸಾಹುಕಾರರು ಹೋದ ಮೇಲೆ ಪರಪ್ಪನವರು ಇಂದುಬಾಯಿಯನ್ನು ಕರೆದು, ಇವತ್ತಿನಿಂದ ಇದು ಬಂದ್ ಎಂದರು. ಹಿಂದಿನ ಸಾಲು ಮಧ್ಯಾಹ್ನ ಮತ್ತೆ ಗೋಡೆಗೆ ಬೆನ್ನು ಕೊಟ್ಟು ಕೂತಿತು. ಏನಾಯಿತೆಂದು ಅವರಲ್ಲಿ ಯಾರೂ ಕೇಳಲಿಲ್ಲ. ಅವರು ಕೇಳದಿದ್ದುದೇ ಇಂದುಬಾಯಿಗೆ ಹೆಚ್ಚು ಚುಚ್ಚಿತು.

ಶಾಲೆ ಬಿಟ್ಟದ್ದೇ ಅವಳು ನೆಟ್ಟಗೆ ಸಾಹುಕಾರರ ಮನೆಗೆ ಹೋದಳು. ಸಾಹುಕಾರರು ಮರ್ಯಾದೆಯಿಂದಲೇ ಮಾತಾಡಿಸಿದರು. ಅವರ ಸೊಸೆ ಗುಂಡವ್ವ ಚಹಾ ತಂದುಕೊಟ್ಟಳು. ಇಂದುಬಾಯಿ ಎಲ್ಲವನ್ನೂ ವಿವರಿಸಿದಳು. ಸಾಹುಕಾರರು ಕೇಳಿಸಿಕೊಂಡು ಒಂದೇ ಮಾತು ಹೇಳಿದರು.

"ಹಂಗಾದ್ರ ಆ ಹುಡುಗೀನ ಇಲ್ಲಿ ಕರಕೊಂಡ ಬರ್ರಿ. ನಾಕ ಮಂದಿ ಎದುರಿಗೆ ಓದಿ ತೋರಿಸ್ಲಿ. ಓದಿದ್ರ ನಂದೇನ ತಕರಾರಿಲ್ಲ."

ಇಂದುಬಾಯಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಹುಡುಗಿ ಓದಿದರೂ ಓದಬಹುದು, ಓದಿದರೆ ಎಲ್ಲ ಸರಿಹೋಗುತ್ತದೆ. ಆದರೆ ನಾಲ್ಕು ಮಂದಿಯ ಎದುರಿಗೆ ಎದ್ದು ನಿಲ್ಲಿಸಿ ಕೇಳಿ ಕೇಳಿಯೇ ಆ ಮಕ್ಕಳ ಬಾಯಿ ಕಟ್ಟಿದ್ದು.

"ಇಲ್ರಿ ಸಾಹುಕಾರ್ರ" ಎಂದಳು. "ಅಕಿ ಕಲ್ತಿದ್ದು ನಾಕ ಮಂದಿಗೆ ತೋರಸಾಕಲ್ಲ. ನಾ ಕರಕೊಂಡ ಬರಂಗಿಲ್ಲ."

"ಹಂಗಾದ್ರ ಬಂದ್ ಇರ್ಲಿ" ಎಂದರು ಸಾಹುಕಾರರು.

ದೀಪಾವಳಿಯ ರಜೆ ಬಂತು. ತಾಳಿಕೋಟೆಯಲ್ಲಿ ಬಸವನಬಾಗೇವಾಡಿಯಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಗಂಡು ಒಳ್ಳೆಯ ಮನೆತನದವನು, ಸೊಸೈಟಿಯಲ್ಲಿ ನೌಕರಿ. ಸೀರೆ ಉಡಿಸಿ ಕೂಡಿಸಿದರೆ ಇಂದುಬಾಯಿ ಬಂದವರ ಎದುರಿಗೇ ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಬಂದಳು. ಹುಡುಗಿಗೆ ಏನಾದರೂ ತೊಂದರೆ ಇದೆಯೇ ಎಂದು ಗಂಡಿನ ತಾಯಿ ಕಸ್ತೂರೆವ್ವನನ್ನು ಮೆಲ್ಲಗೆ ಕೇಳಿದಳಂತೆ. ಅವರು ಹೋದ ಮೇಲೆ ತಾಯಿ ಅತ್ತಳು. ತಂದೆ ಬೈಯಲಿಲ್ಲ, ನಿನ್ನ ಮನಸ್ಸು ಎಲ್ಲಿದೆ ಎಂದು ಕೇಳಿದರು. ಕರಿಹಳ್ಳದಲ್ಲಿದೆ ಎಂದಳು. ರಜೆ ಮುಗಿಯುವ ಮೊದಲೇ ಬಸ್ಸು ಹತ್ತಿದಳು. ಅಲ್ಲಿ ಹೋಗಿ ಏನು ಮಾಡುವುದೆಂದು ಅವಳಿಗೆ ಗೊತ್ತಿರಲಿಲ್ಲ. ಇಲ್ಲಿರಲು ಆಗುತ್ತಿರಲಿಲ್ಲ, ಅಷ್ಟೇ.

ಬಸ್ಸಿಳಿದು ಊರು ಹೊಕ್ಕರೆ ಸಾಹುಕಾರರ ಮನೆಯ ಮುಂದಿನಿಂದಲೇ ಹಾಯಬೇಕು. ಸಂಜೆಯಾಗುತ್ತಿತ್ತು. ಮನೆಯ ಮುಂದೆ ಬೀದಿಯಲ್ಲಿ ಕುರಿಗಳು ನಿಂತಿದ್ದವು. ಕಟ್ಟೆಯ ಮೇಲೆ ಸಾಹುಕಾರರು ಕೂತಿದ್ದರು, ಅವರ ಪಕ್ಕದಲ್ಲಿ ಊರಿನ ಕೆಲವರು. ಕೆಳಗೆ, ಹೆಗಲ ಮೇಲೆ ಕೋಲು ಹೊತ್ತುಕೊಂಡು, ಕೈಯಲ್ಲಿ ಒಂದನೆಯ ಇಯತ್ತೆಯ ಪುಸ್ತಕ ಹಿಡಿದು ಸುಂದರವ್ವ ನಿಂತಿದ್ದಳು. ಆಮೇಲೆ ಗೊತ್ತಾಯಿತು, ಅವಳನ್ನು ಯಾರೂ ಕರೆಸಿರಲಿಲ್ಲ. ಕುರಿ ಹೊಡೆದುಕೊಂಡು ಹೊರಟವಳನ್ನು ರೇವಣಪ್ಪ ಕಟ್ಟೆಯಿಂದ ಕೂಗಿ, ಮುಂದಿನ ಪಾಠ ಹೇಳಿಕೊಡು ಎಂದು ಪುಸ್ತಕ ತಂದು ಕೈಗಿತ್ತಿದ್ದ. ಸಾಹುಕಾರರು, ಇವಳೇನೋ ಆ ಹುಡುಗಿ, ಓದು ನೋಡೋಣ ಎಂದಿದ್ದರು.

ಇಂದುಬಾಯಿ ಚೀಲ ಹಿಡಿದುಕೊಂಡು ಬೀದಿಯ ತಿರುವಿನಲ್ಲೇ ನಿಂತಳು. ಓಡಿಹೋಗಿ ಆ ಪುಸ್ತಕ ಕಸಿದು, ಹುಡುಗಿಯ ಕೈ ಹಿಡಿದು ಅಲ್ಲಿಂದ ಕರೆದೊಯ್ಯಬೇಕು ಎನಿಸಿತು. ಒಂದು ಹೆಜ್ಜೆ ಮುಂದಿಟ್ಟಳು ಕೂಡ. ಆದರೆ ಸುಂದರವ್ವ ಆಗಲೇ ಓದತೊಡಗಿದ್ದಳು. ಬೆರಳು ಅಕ್ಷರದಿಂದ ಅಕ್ಷರಕ್ಕೆ, ಎಲ್ಲಿರಬೇಕೋ ಅಲ್ಲಿಯೇ ಸರಿಯುತ್ತಿತ್ತು. ನಿಧಾನ, ಬಹಳ ನಿಧಾನ. ಕಟ್ಟೆಯ ಮೇಲಿನ ಒಬ್ಬ ಆಕಳಿಸಿದ. "ಕೋಳಿ ಕೂಗಿತು" ಎಂದು ಓದಿದಳು. ಮುಂದಿನ ಸಾಲು "ಸೂರ್ಯ ಮೂಡಿದನು". ಸೂ ಎಂದವಳು ಅಲ್ಲಿಗೆ ನಿಂತಳು. ಅರ್ಕಾವೊತ್ತನ್ನು ಇಂದುಬಾಯಿ ಇನ್ನೂ ಕಲಿಸಿರಲಿಲ್ಲ.

ಒಂದು ಕುರಿ ಕೆಮ್ಮಿತು. ಇಂದುಬಾಯಿಯ ಬಾಯಿ ತಾನಾಗಿಯೇ ಆ ಶಬ್ದಕ್ಕೆ ತೆರೆಯಿತು, ಅವಳು ಸೆರಗು ಕಚ್ಚಿಕೊಂಡಳು. ಮೊದಲಾಗಿದ್ದರೆ ಹುಡುಗಿ ಈ ಹೊತ್ತಿಗೆ ನೆಲ ನೋಡುತ್ತಿದ್ದಳು, ಮತ್ತೆ ಬಾಯಿ ಬಿಡುತ್ತಿರಲಿಲ್ಲ. ಸುಂದರವ್ವ ತಲೆ ಎತ್ತಿ ಸಾಹುಕಾರರನ್ನೇ ನೋಡಿದಳು.

"ಇದೊಂದು ಅಕ್ಷರ ನಂಗ ಬರಂಗಿಲ್ರಿ. ಅಕ್ಕೋರು ಬಂದ ಮ್ಯಾಲೆ ಕೇಳಿ ಹೇಳ್ತೇನಿ. ಮುಂದಿಂದು ಓದ್ಲೇನ್ರಿ?"

ಸಾಹುಕಾರರು ಮೀಸೆ ಸವರಿಕೊಂಡರು. "ಹೂಂ, ಓದು" ಎಂದರು.

ಅವಳು ಮುಂದಿನದನ್ನು ಓದಿದಳು. ಪುಟ ಮುಗಿದಾಗ ಪುಸ್ತಕವನ್ನು ರೇವಣಪ್ಪನಿಗೆ ಕೊಟ್ಟು, ಕುರಿಗಳಿಗೆ ಒಂದು ಸದ್ದು ಮಾಡಿ ಹೊರಟುಹೋದಳು. ಇಂದುಬಾಯಿ ತಿರುವಿನಲ್ಲಿದ್ದದ್ದನ್ನು ಅವಳು ನೋಡಲೇ ಇಲ್ಲ. ಅಲುಗಾಡದೆ ಅಷ್ಟು ಹೊತ್ತು ಒಂದೇ ಕಡೆ ನಿಂತದ್ದು ಇಂದುಬಾಯಿಯ ಜೀವಮಾನದಲ್ಲಿ ಅದೇ ಮೊದಲು. ಕಾಲು ಜೋಮು ಹಿಡಿದಿತ್ತು.

ರಜೆಯ ನಂತರ ಸಾಹುಕಾರರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮತ್ತೆ ಶಾಲೆಯ ಕಡೆ ಬರಲಿಲ್ಲ. ಒಂದು ವಾರ ಕಾದು ನೋಡಿ ಪರಪ್ಪ ಮಾಸ್ತರರು ಒಂದು ಮಧ್ಯಾಹ್ನ ತಮ್ಮ ಕಾಗದಪತ್ರ ಎತ್ತಿಕೊಂಡು, ಇಂದುಬಾಯಿಯ ಕಡೆ ನೋಡದೆಯೇ, "ಆ ಹುಡುಗರನ್ನ ಕಳಸ್ರಿ ಬಾಯಾರ, ಒಂದನೇ ಇಯತ್ತೆ ಗದ್ಲಾ ಮಾಡಾಕತ್ತೈತಿ" ಎಂದರು.

ಸಂಕ್ರಾಂತಿಯಾದ ಮೇಲೆ ಸಿದ್ದರಾಯ ಕಾಣದಾದ. ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ಅವನ ಅಪ್ಪ ಮನೆಮಂದಿಯನ್ನೆಲ್ಲ ಕರೆದುಕೊಂಡು ನಿಡಗುಂದಿಯ ಕಡೆ ಕೆಲಸಕ್ಕೆ ಹೋಗಿದ್ದ. ಪರೀಕ್ಷೆ ಹತ್ತಿರ ಬರುತ್ತಿತ್ತು. ಒಂದು ಭಾನುವಾರ ಇಂದುಬಾಯಿ ಬಸ್ಸು ಬದಲಿಸುತ್ತ ಅಲ್ಲಿಗೆ ಹೋದಳು. ಕೆಲಸಗಾರರ ಗುಡಿಸಲುಗಳ ನಡುವೆ ವಿಚಾರಿಸಿ ವಿಚಾರಿಸಿ ಅವನನ್ನು ಹುಡುಕಿದಳು. ಸಿದ್ದರಾಯ ಅವಳನ್ನು ಕಂಡು ಮೊದಲು ಗುಡಿಸಲ ಹಿಂದೆ ಸರಿದ. ಆಮೇಲೆ ಬಂದು ಜಲ್ಲಿಯ ರಾಶಿಯ ಮೇಲೆ ದೂರದಲ್ಲಿ ಕೂತ. ಅವನ ತಾಯಿ ಕಾಶಿಬಾಯಿ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟಳು. ಪರೀಕ್ಷೆಯವರೆಗೆ ಹುಡುಗನನ್ನು ಬಿಡಿ, ಹೊನ್ನವ್ವನ ಮನೆಯಲ್ಲಿ ಇರಲಿ ಎಂದು ಇಂದುಬಾಯಿ ಬೇಡಿಕೊಂಡಳು. ಕಾಶಿಬಾಯಿ ಮಗನ ಮುಖ ನೋಡಿದಳು. ಮಗನೇ ಮಾತಾಡಿದ.

"ಅಪ್ಪಗ ಎದಿನೋವು ಐತ್ರಿ ಅಕ್ಕೋರ. ಬುಟ್ಟಿ ನಾನ ಹೊರಬೇಕ. ನಾ ಬರಂಗಿಲ್ಲ."

ಇಂದುಬಾಯಿ ರೊಟ್ಟಿ ತಿಂದಳು. ಹೊರಡುವಾಗ ಸಿದ್ದರಾಯ ಬಸ್ಸಿನವರೆಗೆ ಬಂದ. ಒಂದನೆಯ ಇಯತ್ತೆಯಲ್ಲಿ ತಾನು ಕಲಿಸುತ್ತಿದ್ದ ಸಣ್ಣವರನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದ. ಜೈನುದ್ದೀನ ಎಂದಳು. ಅವನು ಜೋರಾಗಿ ಹಾಡಿಸುತ್ತಾನೆ, ಆದರೆ ಬರೆಸುವುದು ಕಡಿಮೆ, ಬರೆಸಲು ಹೇಳಿರಿ ಎಂದ. ಬಸ್ಸು ಹೊರಟ ಮೇಲೂ ಆ ಮಾತು ಅವಳ ಜೊತೆಗೇ ಬಂತು. ಮುಂದೆ ಎಷ್ಟೋ ಮಕ್ಕಳನ್ನು ಅವಳು ದಡ ಮುಟ್ಟಿಸಿದಳು, ಸಿದ್ದರಾಯನ ವಿಷಯದಲ್ಲಿ ಮಾತ್ರ ಅವಳ ಮನಸ್ಸು ಎಂದೂ ತಣ್ಣಗಾಗಲಿಲ್ಲ. ದೀಪಾವಳಿಗೂ ಮೊದಲೇ ಅವನ ಅಪ್ಪನನ್ನು ಮಾತಾಡಿಸಬೇಕಾಗಿತ್ತು ಎಂದು ಹೊನ್ನವ್ವನೆದುರು ಎಷ್ಟೋ ಸಲ ಹೇಳಿದಳು.

ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಯಿತು. ಬೇರೆ ಊರಿನ ಮಾಸ್ತರರೊಬ್ಬರು ಬಂದು ಬರೆಸಿದರು. ಹಿಂದಿನ ಸಾಲಿನ ಎಲ್ಲರೂ ದಾಟಲಿಲ್ಲ. ಮ ಮತ್ತು ವ ಬೇರೆ ಮಾಡಲಾರದವಳು ಮತ್ತೆ ಉಳಿದಳು, ಅವಳ ಜೊತೆ ಇನ್ನೊಬ್ಬನೂ. ಜೈನುದ್ದೀನ ಪಾಸಾದ. ಬಾಯಿಪರೀಕ್ಷೆಯಲ್ಲಿ ಅವನು ತೊಡೆಯ ಮೇಲೆ ತಾಳ ಹಾಕುತ್ತ ಉತ್ತರ ಹೇಳಿದ್ದು ನೋಡಿ, ಬಂದ ಮಾಸ್ತರರು ಇವನು ಭಜನೆಯವನೇ ಎಂದು ಕೇಳಿದರಂತೆ. ಸುಂದರವ್ವನಿಗೆ ಕನ್ನಡದಲ್ಲಿ ಒಳ್ಳೆಯ ಅಂಕ ಬಂದವು, ಲೆಕ್ಕದಲ್ಲಿ ಕಷ್ಟಪಟ್ಟು ದಡ ಸೇರಿದಳು. ಪರಪ್ಪ ಮಾಸ್ತರರು ಹೆಸರುಗಳನ್ನು ಓದಿ ಹೇಳುವಾಗ ಅವಳ ಹೆಸರಿನ ಹತ್ತಿರ ತಡೆದು ಮತ್ತೊಮ್ಮೆ ಓದಿದರು. ಸುಂದರವ್ವ ಗೋಡೆಗೆ ಒರಗಿಕೊಂಡೇ ಇದ್ದಳು. ಮುಖದಲ್ಲಿ ನಗು ಕಾಣಲಿಲ್ಲ. ಶಾಲೆ ಬಿಟ್ಟ ಮೇಲೆ ಮಾತ್ರ ಬಂದು, ಐದನೆಯದು ಕಲಿಯಲು ಎಷ್ಟು ದೂರ ನಡೆಯಬೇಕು ಎಂದು ಕೇಳಿದಳು.

ಐದನೆಯ ಇಯತ್ತೆ ಇದ್ದದ್ದು ಹಳ್ಳದ ಆಚೆಯ ದೊಡ್ಡ ಊರಿನಲ್ಲಿ. ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಮನೆಯವರು ಹಟ ಹಿಡಿದರು. ಖಾಜಾಸಾಬನ ಮಗಳು, ಜೈನುದ್ದೀನನ ಒಡಹುಟ್ಟಿದವಳು ಸಾಬೀರಾ ಆಗಲೇ ಅಲ್ಲಿ ಆರನೆಯದಕ್ಕೆ ಹೋಗುತ್ತಿದ್ದಳು. ಇಂದುಬಾಯಿ ಬೇಸಿಗೆಯೆಲ್ಲ ಆ ಎರಡು ಮನೆಗಳ ನಡುವೆ ತಿರುಗಿದಳು. ಈ ಮನೆಯ ಮಾತು ಆ ಮನೆಗೆ ಮುಟ್ಟಿಸಿ, ಆ ಮನೆಯ ಮಾತು ಈ ಮನೆಗೆ ತಂದು, ಕೊನೆಗೆ ಮಕ್ಕಳು ಕೂಡಿ ಹೋಗಿ ಕೂಡಿ ಬರಬೇಕೆಂಬ ಮಾತಿಗೆ ಎರಡೂ ಮನೆಯವರನ್ನು ಒಪ್ಪಿಸಿದಳು. ಜೂನಿನ ಮೊದಲ ದಿನ ಸಾಬೀರಾ, ಜೈನುದ್ದೀನ, ಸುಂದರವ್ವ ಮೂವರೂ ಹೊರಟಾಗ ಹಳ್ಳದವರೆಗೆ ಜೊತೆಗೆ ನಡೆದಳು. ಹಳ್ಳದಲ್ಲಿ ನೀರು ಇನ್ನೂ ಬಂದಿರಲಿಲ್ಲ. ಮೂವರೂ ಕಲ್ಲಿನಿಂದ ಕಲ್ಲಿಗೆ ಹಾರಿ ಆಚೆ ದಂಡೆ ಹತ್ತಿದರು. ಸುಂದರವ್ವ ಒಮ್ಮೆ ತಿರುಗಿ ನೋಡಿ, ಮತ್ತೆ ಸಾಬೀರಾಳ ಜೊತೆ ಏನೋ ಹೇಳುತ್ತ ಹೋದಳು. ಅವಳಿಗೆ ಈಗ ಮಾತು ಹೆಚ್ಚಾಗಿತ್ತು.

ಇಂದುಬಾಯಿ ಅಲ್ಲಿ ನಿಲ್ಲಲಿಲ್ಲ. ಶಾಲೆಯ ಗಂಟೆ ಆಗುವ ಹೊತ್ತಾಗಿತ್ತು. ಹೊಸ ವರ್ಷದ ನಾಲ್ಕನೆಯ ಇಯತ್ತೆಯಲ್ಲಿ ಮತ್ತೆ ಒಂದು ಸಾಲು ಗೋಡೆ ಹಿಡಿದು ಕೂತಿತ್ತು, ಅದರ ತುದಿಯಲ್ಲಿ ಒಬ್ಬ ಹುಡುಗ ಬಳಪ ಕಡಿಯುತ್ತ ಕಿಟಕಿ ನೋಡುತ್ತಿದ್ದ. ಅವಳು ಮೇಜಿನ ಹತ್ತಿರ ಹೋಗದೆ, ಹಿಂದೆ ಹೋಗಿ ಆ ಹುಡುಗನ ಪಕ್ಕದ ಗೋಣಿತಟ್ಟಿನ ಮೇಲೆ ಕೂತು, ನಿನ್ನ ಹೆಸರೇನು ಎಂದು ಕೇಳಿದಳು.